141ನೇ ಪುಟದ ಚೀಟಿ: ಓದುವವಳು, ಓದದವನು, ಒಂದು ಪ್ರಕರಣ

"ಎಲ್ಲ ಸರಿ ಇದ್ದು ಆಯೀ, ಆದ್ರೆ ಅಂವ ಓದ್ತ್ನಿಲ್ಲೆ."

ಶಿರಸಿ ಸೀಮೆಯ ಒಂದು ಅಡಿಕೆ ತೋಟದ ಮನೆ. 2024ರ ಮೇ ತಿಂಗಳ ಮಧ್ಯಾಹ್ನ ಅಡುಗೆಕೋಣೆಯಲ್ಲಿ, ತಾನು ಮೆಚ್ಚಿದ ಹುಡುಗನ ಬಗ್ಗೆ ಮಗಳು ಆಯಿಗೆ, ಅಂದರೆ ಅಮ್ಮನಿಗೆ, ಹೇಳಿದ್ದು ಇಷ್ಟೇ. ಸಂಜೆ ಹೊತ್ತಿಗೆ ಅದು ಚಿಕ್ಕಿಯ ಬಾಯಲ್ಲಿ "ಅಂವ ಓದಿದ್ನಿಲ್ಯಡ" ಆಗಿತ್ತು. ಕಾದಂಬರಿ ಓದದವನು ಒಂದೇ ಹೊತ್ತಿನಲ್ಲಿ ಶಾಲೆಯನ್ನೇ ಕಲಿಯದವನಾಗಿಬಿಟ್ಟ. ಕನ್ನಡದಲ್ಲಿ ಈ ತೊಡಕು ಮೊದಲಿನಿಂದಲೂ ಉಂಟು. "ಎಷ್ಟು ಓದಿದ್ದೀ?" ಎಂದರೆ ಯಾರೂ ಪುಸ್ತಕ ಎಣಿಸುವುದಿಲ್ಲ, ಡಿಗ್ರಿ ಹೇಳುತ್ತಾರೆ. 2011ರ ಜನಗಣತಿಯಲ್ಲಿ ನಮ್ಮ ಉತ್ತರ ಕನ್ನಡ ಜಿಲ್ಲೆಯ ಅಕ್ಷರಸ್ಥರು ನೂರಕ್ಕೆ 84. ಅವರಲ್ಲಿ ಪರೀಕ್ಷೆ ಮುಗಿದ ಮೇಲೂ ಪುಸ್ತಕ ಹಿಡಿದವರೆಷ್ಟು ಎಂದು ಕೇಳಿಕೊಂಡು ಯಾವ ಗಣತಿಯವರೂ ಮನೆಗೆ ಬರಲಿಲ್ಲ.

ನಾನು ಕುಮಟೆಯಲ್ಲಿ ಕನ್ನಡ ಪಾಠ ಹೇಳಿ ನಿವೃತ್ತನಾದವನು. ಪ್ರತಿ ತಿಂಗಳ ಎರಡನೇ ಭಾನುವಾರ ನಮ್ಮ ಮನೆಯ ಜಗಲಿಯಲ್ಲಿ ಎಂಟು ಹತ್ತು ಜನ ಸೇರಿ ಒಂದು ಪುಸ್ತಕದ ಬಗ್ಗೆ ಮಾತಾಡುತ್ತೇವೆ. ಅವಳು ಅಲ್ಲಿಗೆ ಬರುತ್ತಿದ್ದಳು. ಹಾಗೆ ನಾನು ಇದರಲ್ಲಿ ಸಿಕ್ಕಿಕೊಂಡೆ. ಸಲಹೆ ಕೊಡುವ ವಿದ್ಯೆ ಕಲಿತವನಲ್ಲ, ಎರಡು ಸಲ ತಪ್ಪನ್ನೂ ಮಾಡಿದೆ, ಅದನ್ನೂ ಬರೆಯುತ್ತೇನೆ. ಇಬ್ಬರೂ ಒಪ್ಪಿದ್ದಾರೆ. ಹೆಸರು ಬೇಡ ಎಂದರು. ಒಬ್ಬಳು ಶಿರಸಿಯವಳು, ಒಬ್ಬ ಕಾರವಾರದವನು, ಅಷ್ಟು ಸಾಕು. ಗುರುತು ಸಿಗಬಾರದೆಂದು ಒಂದೆರಡು ವಿವರ ಆಚೀಚೆ ಮಾಡಿದ್ದೇನೆ.

ಇಬ್ಬರು

ಅವಳಿಗೆ ಆಗ 31. ಬ್ಯಾಂಕಿನ ಕೆಲಸ, ಮೊದಲು ಕಾರವಾರದಲ್ಲಿ, ಆಮೇಲೆ ವರ್ಗವಾಗಿ ಕುಮಟೆಯಲ್ಲಿ. ಬಾಡಿಗೆ ಕೋಣೆಯಲ್ಲಿ ಒಬ್ಬಳೇ. ರಾತ್ರಿ ಒಂಬತ್ತಕ್ಕೆ ಊಟ ಮುಗಿಸಿ ಹನ್ನೊಂದರವರೆಗೆ ಓದುತ್ತಾಳೆ. ಪಿಯುಸಿಯಿಂದ ಓದಿದ ಪುಸ್ತಕಗಳ ಹೆಸರನ್ನೆಲ್ಲ ಒಂದು ಉದ್ದ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದಾಳೆ. ವರ್ಷಕ್ಕೆ ಮೂವತ್ತು ನಲವತ್ತು.

ಅವನಿಗೆ 33. ಮನೆ ಸದಾಶಿವಗಡ, ಕೆಲಸ ಬೈತಖೋಲ್ ಬಂದರಿನಲ್ಲಿ. ಐಟಿಐ ಮಾಡಿ ಬೋಟಿನ ಡೀಸೆಲ್ ಎಂಜಿನ್ ರಿಪೇರಿ ಹಿಡಿದವನು. ಮನೆಮಾತು ಕೊಂಕಣಿ. ಸಣ್ಣ ವರ್ಕ್‌ಶಾಪಿಗೆ ಸಾಲ ಕೇಳಲು ಅವಳ ಬ್ಯಾಂಕಿಗೆ ಬಂದದ್ದೇ ಮೊದಲ ಪರಿಚಯ. "ಎಲ್ಲರೂ ಗುರುತು ಹಾಕಿದ ಜಾಗದಲ್ಲಿ ಸಹಿ ಮಾಡಿ ಏಳ್ತಾರೆ ಸರ್. ಇವ ಅರ್ಜಿಯ ಒಂದೊಂದು ಸಾಲಿನ ಮೇಲೂ ಬೆರಳಿಟ್ಟು ಓದಿದ. ಮೂರು ಪ್ರಶ್ನೆ ಕೇಳಿದ. ಆಮೇಲೆ ಸಹಿ." ಅವಳಿಗೆ ಅವನು ಹಿಡಿಸಿದ್ದು ಅಲ್ಲಿ. ಓದದವನನ್ನು ಮೆಚ್ಚಿದ್ದು ಅವನು ಓದುತ್ತಿದ್ದಾಗ. ಆ ಬೆರಳಿನ ವಿಷಯ ಮುಂದೆ ಮತ್ತೆ ಬರುತ್ತದೆ.

ಓಡಾಟ ಎರಡು ವರ್ಷ ನಡೆಯಿತು. ಒಂದು ಸಂಜೆ ಕಾರವಾರದ ಕಡಲ ತೀರದಲ್ಲಿ ಅವಳು ಅವನಿಗೆ ರವೀಂದ್ರನಾಥ ಟಾಗೋರರ ಕಥೆ ಹೇಳಿದಳು. ತೀರಕ್ಕೆ ಅವರ ಹೆಸರೇ ಇದೆ, ಇವನು ದಿನಾ ಆ ಫಲಕದ ಮುಂದೆಯೇ ಬೈಕಿನಲ್ಲಿ ಹೋಗುವವನು. 1880ರ ದಶಕದ ಆರಂಭದಲ್ಲಿ ಟಾಗೋರರ ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಡ್ಜ್ ಆಗಿದ್ದರು. ಆಗಿನ್ನೂ ಮದುವೆಯಾಗದ ತರುಣ ರವೀಂದ್ರರು ಬಂದು ಉಳಿದು ಇಲ್ಲಿಯೇ ಒಂದು ನಾಟಕ ಬರೆದರು. ಒಂದು ದಿನ ದೋಣಿಯಲ್ಲಿ ಕಾಳಿ ನದಿ ಹತ್ತಿ ಗುಡ್ಡದ ಹಳೆ ಕೋಟೆ ನೋಡಿಕೊಂಡು, ಬೆಳದಿಂಗಳಲ್ಲಿ ತಿರುಗಿ ಬಂದರು. ಅಳಿವೆಗೆ ಬರುವಷ್ಟರಲ್ಲಿ ತಡವಾಯಿತು, ಸಮುದ್ರದ ಮೇಲೆ ಹೋಗುವ ಬದಲು ಇಳಿದು ಮರಳಿನ ಮೇಲೆ ನಡೆದೇ ಮನೆ ಸೇರಿದರು. ನೆನಪಿನ ಪುಸ್ತಕದಲ್ಲಿ ಅವರೇ ಬರೆದುಕೊಂಡ ಭಾಗ, ಅವಳಿಗೆ ಬಹಳ ಪ್ರೀತಿಯದು.

ಅವನು ಕೇಳಿದ್ದು: "ಇಳಿತ ಆಗಿತ್ತಾ ಆಗ? ಇಳಿತದಲ್ಲಿ ಅಳಿವೆ ಹತ್ರ ಮರಳು ಏಳ್ತದೆ. ರಾತ್ರಿ ದೋಣಿ ಹೊರಗೆ ಹಾಕುವುದಕ್ಕಿಂತ ನಡೆಯೋದೇ ಬೆಸ್ಟ್."

ಅವನಿಗೆ ಸಾಹಿತ್ಯ ತಲೆಗೆ ಹೋಗುವುದಿಲ್ಲ ಎನ್ನಲು ಅವಳು ನನ್ನೆದುರು ಕೊಟ್ಟ ಉದಾಹರಣೆ ಇದು! ಮೂವತ್ತು ವರ್ಷ ಪಾಠ ಹೇಳಿದ ನನಗೆ ಆ ಪ್ರಶ್ನೆ ಒಮ್ಮೆಯೂ ಹೊಳೆದಿರಲಿಲ್ಲ. ಅವಳ ಹತ್ತಿರ ಹಾಗೆಂದೆ. ಅವಳು ನನ್ನನ್ನು ಒಂಥರಾ ನೋಡಿದಳು.

ಏಳು ಪುಸ್ತಕ

ಎರಡು ವರ್ಷದಲ್ಲಿ ಅವಳು ಅವನಿಗೆ ಏಳು ಪುಸ್ತಕ ಕೊಟ್ಟಳು. ಹುಟ್ಟಿದ ದಿನಕ್ಕೆ, ದೀಪಾವಳಿಗೆ, ಸುಮ್ಮನೆ. ಮೊದಲನೆಯದು ಸಣ್ಣ ಕಥೆಗಳದ್ದು, ಆಮೇಲೆ ತೆಳ್ಳಗಿನ ಕಾದಂಬರಿ, ಹೀಗೆ ಮಗುವಿಗೆ ಅನ್ನ ಉಣ್ಣಿಸುವ ಲೆಕ್ಕದಲ್ಲಿ. ಅವನು ಪ್ರತಿ ಸಲ "ಥ್ಯಾಂಕ್ಸ್" ಎಂದು ತೆಗೆದುಕೊಂಡ. ಓದಿದೆಯಾ ಎಂದು ಅವಳು ಕೇಳಿದಾಗಲೆಲ್ಲ "ಶುರು ಮಾಡಿದ್ದೇನೆ".

ಏಳನೆಯದು 2024ರ ಯುಗಾದಿಗೆ, ಏಪ್ರಿಲ್ 9ಕ್ಕೆ. ಅದನ್ನು ಕೊಡುವ ಮೊದಲು ಅವಳು ಒಂದು ಕೆಲಸ ಮಾಡಿದಳು. ಬ್ಯಾಂಕಿನ ಹಳೆ ವೋಚರಿನ ಬೆನ್ನ ಮೇಲೆ "ಇಲ್ಲಿವರೆಗೆ ಬಂದ್ರೆ ಫೋನ್ ಮಾಡು, ಎಷ್ಟು ಹೊತ್ತಾದ್ರೂ ಸರಿ" ಎಂದು ಬರೆದು 141ನೇ ಪುಟದಲ್ಲಿ ಇಟ್ಟಳು. ಏಪ್ರಿಲ್ ಕಳೆಯಿತು, ಮೇ ಕಳೆಯಿತು, ಫೋನ್ ಬರಲಿಲ್ಲ. ಜೂನ್ ಎರಡನೇ ವಾರ ಅವನು ಪುಸ್ತಕ ವಾಪಸ್ ತಂದ. "ಓದಿ ಮುಗಿಸ್ದೆ. ಚಲೋ ಉಂಟು. ಕೊನೆಗೆ ಅವಳು ಊರು ಬಿಟ್ಟು ಹೋಗಬಾರದಿತ್ತು." ಕೊನೆ ಸರಿಯಾಗಿಯೇ ಹೇಳಿದ್ದ. ಅವಳ ಕಣ್ಣು ತುಂಬಿ ಬಂತಂತೆ. ರಾತ್ರಿ ಪುಸ್ತಕ ಬಿಚ್ಚಿದರೆ ಚೀಟಿ ಇಟ್ಟಲ್ಲೇ ಇತ್ತು. ಮಡಿಕೆ ಕೂಡ ಬಿಚ್ಚಿರಲಿಲ್ಲ. ಅವನು ಯೂಟ್ಯೂಬಿನಲ್ಲಿ ಕಥಾಸಾರ ಕೇಳಿದ್ದ, ಎಂಜಿನ್ ಬಿಚ್ಚುತ್ತಾ, ಹನ್ನೆರಡು ನಿಮಿಷದ್ದು.

ಅವಳು ಒಂದು ಮಾತೂ ಕೇಳಲಿಲ್ಲ. ಅದೇ ಎಡವಟ್ಟಾಯಿತು. ಅವನದು ಸುಳ್ಳು, ಅದರಲ್ಲಿ ಎರಡು ಮಾತಿಲ್ಲ. ಆದರೆ ಪ್ರೀತಿಯ ಚೀಟಿ ಎಂದು ಇಟ್ಟದ್ದು ಅಷ್ಟು ಹೊತ್ತಿಗೆ ಇಲಿಬೋನಾಗಿತ್ತು, ಇಲಿ ಬಿದ್ದ ಮೇಲೂ ಅವಳು ಬೋನು ಎತ್ತದೆ ಮೂಲೆಯಲ್ಲಿ ಹಾಗೇ ಬಿಟ್ಟಳು.

ಕೇಳುವ ಬದಲು ಅವನಿಗೆ ಒಂದು ಲಿಂಕ್ ಕಳಿಸಿದಳು. ಸಾಹಿತ್ಯ ಓದುವವರಿಗೆ ಬೇರೆಯವರ ಮನಸ್ಸು ಹೆಚ್ಚು ಅರ್ಥವಾಗುತ್ತದೆ ಎನ್ನುವ ಸಂಶೋಧನೆಯ ಬಗ್ಗೆ ಲೇಖನ. 2013ರಲ್ಲಿ ಡೇವಿಡ್ ಕಿಡ್ ಮತ್ತು ಇಮ್ಯಾನುಯೆಲೆ ಕಸ್ತಾನೊ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದ್ದು. ಪುಸ್ತಕಪ್ರೇಮಿಗಳ ಗುಂಪಿನಲ್ಲಿ ಇದು ಈಗಲೂ ವರ್ಷಕ್ಕೊಮ್ಮೆ ಸುತ್ತಿ ಬರುತ್ತದೆ, ನಾನೂ ಒಂದು ಭಾಷಣದಲ್ಲಿ ಬಳಸಿದ್ದೆ. 2016ರಲ್ಲಿ ಬೇರೆ ಸಂಶೋಧಕರ ತಂಡಗಳು ಹೆಚ್ಚು ಜನರ ಮೇಲೆ ಅದೇ ಪ್ರಯೋಗ ಮತ್ತೆ ಮಾಡಿ ನೋಡಿದಾಗ ಆ ಫಲ ಸಿಗಲಿಲ್ಲ ಎನ್ನುವುದು ಮಾತ್ರ ಹಾಗೆ ಸುತ್ತುವುದಿಲ್ಲ. ಅಷ್ಟಕ್ಕೂ, ಬೇರೆಯವರ ಮನಸ್ಸು ಅರ್ಥಮಾಡಿಕೊಳ್ಳುತ್ತೇನೆ ಎಂದು ಸಾಬೀತುಮಾಡಲು ಆ ಲೇಖನವನ್ನು ಬಂದರಿನಲ್ಲಿ ಜೂನ್ ತಿಂಗಳಲ್ಲಿ ದುಡಿಯುವವನಿಗೆ ಕಳಿಸುವುದು!

ಜೂನ್ ಎಂದರೆ ಏನೆಂದು ಗಟ್ಟದ ಮೇಲಿನವರಿಗೆ ಹೇಳಬೇಕು. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳ ಮೀನುಗಾರಿಕೆ ಬಂದ್. ಮೀನುಗಾರರಿಗೆ ರಜೆ, ಮೆಕ್ಯಾನಿಕ್‌ಗಳಿಗೆ ಸುಗ್ಗಿ. ಟ್ರಾಲ್ ಬೋಟು, ಪರ್ಸೀನ್ ಬೋಟು ಎಲ್ಲದರ ಎಂಜಿನ್ನೂ ಆಗಲೇ ಬಿಚ್ಚಬೇಕು, ಆಗಸ್ಟ್ ಒಂದಕ್ಕೆ ಮುಂಚೆ ಕೂಡಿಸಬೇಕು. ಅವಳಿಗೋ ಮಳೆಗಾಲ ಎಂದರೆ ಓದುವ ಕಾಲ. ಹೊರಗೆ ಹೋಗುವ ಹಾಗಿಲ್ಲ, ಬೇಗ ಕತ್ತಲಾಗುತ್ತದೆ, ಹಂಚಿನ ಮೇಲೆ ಮಳೆ. ಇಬ್ಬರೂ ಒಬ್ಬರಿಗೊಬ್ಬರು ಸಿಗದ ಎರಡು ತಿಂಗಳು ಅದು. ಹಿಂದಿನ ವರ್ಷವೂ ಹಾಗೇ ಇತ್ತು, ಆದರೆ ಆಗ ಚೀಟಿ ಇರಲಿಲ್ಲ.

ಜಗಲಿಯ ನಗು

ಜುಲೈ 14, ಭಾನುವಾರ. ಜಡಿಮಳೆ. ಜಗಲಿಯಲ್ಲಿ ಏಳೋ ಎಂಟೋ ಜನ. ಮಾತಿನ ನಡುವೆ ಯಾರೋ ತಮಾಷೆಗೆ, "ನಿಮ್ಮವರು ಯಾವ ಪುಸ್ತಕ ಓದ್ತಾರಪ್ಪ?" ಎಂದರು.

"ಅವನಿಗೆ ಗೊತ್ತಿರೋದು ಎರಡೇ ಬುಕ್ಕು," ಎಂದಳು. "ಪಾಸ್‌ಬುಕ್ಕು, ಫೇಸ್‌ಬುಕ್ಕು."

ಎಲ್ಲರೂ ನಕ್ಕರು. ನಾನೂ ನಕ್ಕೆ. ನನ್ನ ಹೆಂಡತಿ ಚಾ ತಟ್ಟೆ ಹಿಡಿದು ಬಾಗಿಲಲ್ಲಿದ್ದಳು, ಅವಳೊಬ್ಬಳೇ ಹೊರಗೆ ನೋಡುತ್ತಿದ್ದವಳು. "ಅಯ್ಯೋ, ನೆನೀತಾ ನಿಂತಿದ್ದೀರಲ್ಲ, ಒಳಗೆ ಬನ್ನಿ" ಎಂದಳು. ಮೆಟ್ಟಿಲ ಮೇಲೆ ಅವನು. ರೇನ್‌ಕೋಟಿನ ಒಂದು ತೋಳು ತೆಗೆದಿದ್ದ, ಇನ್ನೊಂದು ತೆಗೆಯದೆ ನಿಂತಿದ್ದ. ಕಾರವಾರದಿಂದ ಕುಮಟೆಗೆ ಎಪ್ಪತ್ತು ಕಿಲೋಮೀಟರ್ ಹತ್ತಿರ, ಆ ಮಳೆಯಲ್ಲಿ ಬೈಕಿನ ಮೇಲೆ ಬಂದಿದ್ದ. ವಾರದಲ್ಲಿ ಸಿಕ್ಕ ಅರ್ಧ ದಿನದ ಬಿಡುವು ಅದು.

ಕೂತು ಚಾ ಕುಡಿದ. "ಚಾ ಚಲೋ ಆಗಿದೆ ಅಕ್ಕಾ" ಎಂದ. ಅವಳನ್ನು ಕೋಣೆಗೆ ಬಿಟ್ಟು ಹೋದ. ಆಮೇಲೆ ಫೋನ್ ಎತ್ತಲಿಲ್ಲ.

ರಾತ್ರಿ ನನ್ನ ಹೆಂಡತಿ ಹೇಳಿದ್ದು ಎರಡೇ ಶಬ್ದ: "ನೀವೂ ನಕ್ಕಿರಿ."

ಇಲ್ಲಿ ಒಂದು ಮಾತು. ನಮ್ಮ ಮದುವೆಯಾಗಿ 36 ವರ್ಷ. ನನ್ನ ಒಂದು ಲೇಖನವನ್ನೂ ಅವಳು ಓದಿದವಳಲ್ಲ. ಪೇಪರಿನಲ್ಲಿ ಅವಳು ತೆಗೆಯುವುದು ನಿಧನದ ಕಾಲಂ ಒಂದೇ, ಅದನ್ನು ಮಾತ್ರ ಒಂದಕ್ಷರ ಬಿಡದೆ ಓದುತ್ತಾಳೆ. ಈ ಪ್ರಕರಣ ಕೈಗೆ ಬರುವವರೆಗೆ ನಮ್ಮಿಬ್ಬರ ನಡುವೆ ಇಂಥ ಒಂದು ಪ್ರಶ್ನೆ ಇದೆ ಎಂದೇ ನಾನು ಯೋಚಿಸಿರಲಿಲ್ಲ. ಗಂಡಸು ಓದಿ ಹೆಂಗಸು ಓದದಿದ್ದರೆ ನಮ್ಮಲ್ಲಿ ಅದನ್ನು ಯಾರೂ ಸಮಸ್ಯೆ ಎನ್ನುವುದಿಲ್ಲ, ಸಂಸಾರ ಎನ್ನುತ್ತಾರೆ.

ಗಂಡಹೆಂಡಿರ ಜಗಳಗಳನ್ನೇ ಹಲವು ದಶಕ ಅಧ್ಯಯನ ಮಾಡಿದ ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ಗಾಟ್‌ಮನ್ ಸಂಬಂಧ ಮುರಿಯುವ ನಾಲ್ಕು ಲಕ್ಷಣ ಹೇಳುತ್ತಾರೆ. ವ್ಯಕ್ತಿಯನ್ನೇ ದೂರುವುದು, ತಾತ್ಸಾರ, ತನ್ನ ತಪ್ಪಿಗೆ ಸಮಜಾಯಿಷಿ, ಮಾತು ಬಿಟ್ಟು ಗೋಡೆಯಾಗುವುದು. ಎಲ್ಲಕ್ಕಿಂತ ಕೆಟ್ಟದ್ದು ತಾತ್ಸಾರ ಎಂದು ಅವರ ಅಭಿಪ್ರಾಯ. ಪಾಸ್‌ಬುಕ್ಕಿನ ಮಾತು ಎರಡನೆಯದಕ್ಕೆ ಸೇರಿದ್ದು, ಎತ್ತದ ಫೋನ್ ನಾಲ್ಕನೆಯದಕ್ಕೆ. ಅವನು ಆಮೇಲೆ ನನ್ನ ಹತ್ತಿರ ಹೇಳಿದ್ದು ಇನ್ನೂ ಚೂಪಾಗಿತ್ತು: "ನಕ್ಕಿದ್ದಕ್ಕೆ ಬೇಜಾರಿಲ್ಲ ಸರ್. ಆ ಮಾತು ಅವಳು ಅಲ್ಲೇ ಹೇಳಿದ್ದಲ್ಲ. ಮೊದಲೇ ರೆಡಿ ಮಾಡಿ ಇಟ್ಟಿದ್ದಳು ಅನ್ನಿಸ್ತು."

ಎರಡು ದಿನ ಬಿಟ್ಟು, ಜುಲೈ 16ರಂದು, ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಜರಿಯಿತು. ಜನ ಸತ್ತರು, ಲಾರಿಗಳು ಗಂಗಾವಳಿ ಪಾಲಾದವು, ರಸ್ತೆ ಎಷ್ಟೋ ದಿನ ಬಂದ್. ಬರದೇ ಇರಲು ಅವನಿಗೆ ಕಾರಣ ಸಿಕ್ಕಿತು. ಕಾರಣ ನಿಜವೂ ಆಗಿತ್ತು. ಆಗಸ್ಟ್ 7ರ ನಡುರಾತ್ರಿ ದಾಟಿದ ಮೇಲೆ ಕಾಳಿ ನದಿಯ ಹಳೆ ಸೇತುವೆ ಕುಸಿದು ಬಿತ್ತು. ಸದಾಶಿವಗಡದಿಂದ ಬಂದರಿಗೆ ಅವನು ದಿನಾ ದಾಟುವ ಜಾಗ. ಆಗಸ್ಟಿನಲ್ಲಿ ಅವನು ಹೊತ್ತಲ್ಲದ ಹೊತ್ತಿನಲ್ಲಿ ಮನೆಗೆ ಹೋಗುವುದು ಅವಳಿಗೆ ಗೊತ್ತಿತ್ತು. ಬೆಳಗ್ಗೆ ಸುದ್ದಿ ಕೇಳಿದವಳೇ ಫೋನ್ ಮಾಡಿದಳು. ಎತ್ತಿದ.

"ಎಲ್ಲಿದ್ದೀ?"

"ಮನೇಲೇ."

ಸೇತುವೆ ಬಿತ್ತು, ಜಗಳ ಮುಗಿಯಿತು ಎಂದು ಬರೆದರೆ ಅದು ಸಿನಿಮಾ. 24 ದಿನದ ಮೌನ ಮುರಿಯಿತು, ಅಷ್ಟೇ. ಮರುದಿನವೇ ಚೀಟಿಯ ವಿಷಯ ಹೊರಗೆ ಬಿದ್ದು ಇನ್ನೂ ದೊಡ್ಡ ಜಗಳವಾಯಿತು.

ನನ್ನ ಪ್ರಯೋಗ

ಸ್ವಾತಂತ್ರ್ಯ ದಿನ ಕಳೆದ ಮೇಲೆ ಒಂದು ದಿನ ನಾನೇ ರೈಲು ಹತ್ತಿ ಕಾರವಾರಕ್ಕೆ ಹೋದೆ. ಬಂದರಿನ ಹತ್ತಿರದ ಹೋಟೆಲಿನಲ್ಲಿ ಕೂತೆವು. ಅವನ ಉಗುರಿನ ಸಂದಿಯಲ್ಲಿ ಗ್ರೀಸು, ಕಪ್ಪನ್ನು ಅಂಗೈಯಿಂದ ಹಿಡಿದಿದ್ದ. ಯಾಕೆ ಸುಳ್ಳು ಹೇಳಿದೆ ಎಂದು ಕೇಳಿದೆ.

"ಓದಿಲ್ಲ ಅಂದಿದ್ರೆ ಎಂಟನೇದು ತರ್ತಿದ್ಲು ಸರ್."

ಆಮೇಲೆ ನಿಧಾನವಾಗಿ ಬಾಯಿಬಿಟ್ಟ. ಏಳನೇ ತರಗತಿವರೆಗೆ ಮರಾಠಿ ಶಾಲೆ. ಕಾರವಾರದ ಕಡೆ ಇದು ಹೊಸತೇನಲ್ಲ. 1862ರಿಂದ 1956ರ ನವೆಂಬರ್ 1ರವರೆಗೆ ಈ ಜಿಲ್ಲೆ ಮುಂಬಯಿಯ ಆಡಳಿತದಲ್ಲಿತ್ತು, ಆ ಕಾಲದ ಮರಾಠಿಯ ನಂಟು ಇಲ್ಲಿ ಇನ್ನೂ ಪೂರ್ತಿ ಕಳಚಿಲ್ಲ. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಮರಾಠಿ, ಹೈಸ್ಕೂಲಿಗೆ ಬಂದಾಗ ಕನ್ನಡ. ಎಸ್ಸೆಸ್ಸೆಲ್ಸಿಯಲ್ಲಿ ಒಂದು ಸಲ ಕನ್ನಡದಲ್ಲೇ ಫೇಲ್. ಈಗಲೂ ಕನ್ನಡ ಓದಬೇಕಾದರೆ ಬೆರಳಿಡಬೇಕು, ಇಲ್ಲವಾದರೆ ಒತ್ತಕ್ಷರದಲ್ಲಿ ಸಾಲು ತಪ್ಪುತ್ತದೆ. ಸಾಲದ ಅರ್ಜಿಯ ಬೆರಳು!

ನನಗೆ ಖುಷಿಯೋ ಖುಷಿ. ಗಂಟು ಬಿಚ್ಚಿತು ಎಂದುಕೊಂಡೆ. ಅವನು ಓದದವನಲ್ಲ, ಕನ್ನಡದಲ್ಲಿ ಓದದವನು! ಕುಮಟೆಗೆ ಬಂದು, ಮರಾಠಿ ಬಲ್ಲ ಗೆಳೆಯರೊಬ್ಬರ ಕಪಾಟಿನಿಂದ ಒಳ್ಳೆಯ ಮರಾಠಿ ಕಾದಂಬರಿಯೊಂದನ್ನು ಹುಡುಕಿಸಿ ಅವನಿಗೆ ಕಳಿಸಿದೆ. ಅಂದರೆ ಎಂಟನೇ ಪುಸ್ತಕ ಕೊಟ್ಟವನು ನಾನು.

ಹದಿನೈದು ದಿನ ಬಿಟ್ಟು ಅವನೇ ವಾಪಸ್ ತಂದುಕೊಟ್ಟ. "ಇಪ್ಪತ್ತು ಪುಟ ಓದಿದೆ ಸರ್, ಸುಳ್ಳಲ್ಲ. ಭಾಷೆ ಅಡ್ಡ ಬರಲಿಲ್ಲ. ಬೇಜಾರು ಬಂತು. ಯಾರದೋ ಮನೇಲಿ ಏನೋ ಆಗ್ತಾ ಉಂಟು, ನಾನು ಹೊರಗೆ ಕೂತು ಕೇಳಿದ ಹಾಗೆ."

ಮರಾಠಿ ಅವನ ನಾಚಿಕೆಗೆ ಕಾರಣ ಹೇಳಿತು, ಅವನ ನಿರಾಸಕ್ತಿಗೆ ಅಲ್ಲ. ಓದದವರ ಹಿಂದೆ ಏನೋ ಒಂದು ಗಾಯ ಇರಲೇಬೇಕು, ಅದನ್ನು ವಾಸಿ ಮಾಡಿದರೆ ಅವರೂ ನಮ್ಮ ಹಾಗಾಗುತ್ತಾರೆ ಎಂದು ನಾವು ಓದುವವರು ನಂಬುತ್ತೇವೆ. ಕೆಲವರಿಗೆ ಕಾದಂಬರಿ ಸೇರುವುದಿಲ್ಲ, ಅಷ್ಟೇ. ನನಗೆ ಕ್ರಿಕೆಟ್ ಸೇರುವುದಿಲ್ಲ. ಅದರ ಹಿಂದೆ ಯಾವ ಗಾಯವೂ ಇಲ್ಲ.

ಹಾಗಾದರೆ ಇದು ಜಾತಿಯ ಮಾತಿಗೆ ಹೊದಿಸಿದ ಪುಸ್ತಕದ ಹೊದಿಕೆಯೇ? ಅದನ್ನೂ ಅವಳ ಹತ್ತಿರ ನೇರವಾಗಿ ಕೇಳಿದೆ. ಹವ್ಯಕರ ಮನೆ, ಮೀನಿನ ಮನೆ, ಚಿಕ್ಕಿಯ ಬಾಯಿ, ಇವೆಲ್ಲ ಇದ್ದೇ ಇದ್ದವು. "ಮನೆಯವರಿಗೆ ಅದು ಹೊದಿಕೆಯೇ ಇರಬಹುದು ಸರ್. ನನಗಲ್ಲ. ಮೀನಿನ ವಾಸನೆಗೆ ನಾನು ಒಗ್ಗಿಯಾಯ್ತು." ನಂಬಿದೆ. ಆದರೆ ಮನೆಯವರ ಕೈಗೆ ಆ ಹೊದಿಕೆ ಕೊಟ್ಟವಳು ತಾನೇ ಎನ್ನುವುದು ಅವಳಿಗೂ ಗೊತ್ತಿತ್ತು.

ಮಡಚಿದ ಮೂಲೆಗಳು

ಸೆಪ್ಟೆಂಬರಿನಲ್ಲಿ ಒಂದು ದಿನ ಅವಳು ಊರಿಂದ ಒಂದು ಹಳೆ ಪುಸ್ತಕ ತಂದಳು. ಆಯಿಯದು. ಬೈಂಡು ಕಿತ್ತ ದಪ್ಪ ಕಾದಂಬರಿ. ನನ್ನ ಕೈಗೆ ಕೊಟ್ಟು, "ಮೂಲೆ ನೋಡಿ ಸರ್" ಎಂದಳು.

ಪ್ರತಿ ಮೂರು ನಾಲ್ಕು ಪುಟಕ್ಕೊಂದು ಮೂಲೆ ಮಡಚಿದ ಗುರುತು. ಹದಿನೆಂಟು, ಇಪ್ಪತ್ತೊಂದು, ಇಪ್ಪತ್ತೈದು, ಇಪ್ಪತ್ತೊಂಬತ್ತು. ಪುಸ್ತಕದ ಉದ್ದಕ್ಕೂ ಹಾಗೇ. ಒಂದು ಪುಟಕ್ಕೆ ಎರಡು ಸಲ ಮಡಚಿದ ಗುರುತಿತ್ತು, ಅಂದರೆ ಆ ದಿನ ಒಂದು ಪುಟವೂ ಮುಂದೆ ಹೋಗಿಲ್ಲ.

ಆಯಿ ಓದುತ್ತಿದ್ದದ್ದು ಮಧ್ಯಾಹ್ನದ ಊಟದ ಪಾತ್ರೆ ತೊಳೆದಾದ ಮೇಲೆ, ಅಡುಗೆಕೋಣೆಯ ಹಿಂಬಾಗಿಲಲ್ಲಿ ಕೂತು. ಪುಸ್ತಕ ಇರುತ್ತಿದ್ದದ್ದು ಅಕ್ಕಿ ಡಬ್ಬದ ಹಿಂದೆ. ಅಪ್ಪ ಎದ್ದು "ಚಾ ಆತನೇ?" ಎಂದರೆ ಮೂಲೆ ಮಡಚಿ ಏಳುವುದು. ಅಡಿಕೆ ಕೊನೆ ಕೊಯ್ಯುವ ಆಳು ಬಂದರೆ ಮಡಚುವುದು. ದನ ಕೂಗಿದರೆ ಮಡಚುವುದು. "ಓದಡ (ಓದಬೇಡ) ಹೇಳಿ ಅಪ್ಪ ಒಂದಿನವೂ ಹೇಳಿದ್ನಿಲ್ಲೆ ಸರ್," ಎಂದಳು, ನನ್ನ ಹತ್ತಿರ ಯಾವಾಗಲೂ ಪುಸ್ತಕದ ಕನ್ನಡ ಮಾತಾಡುವವಳು ಗೊತ್ತಿಲ್ಲದೆ ಮನೆಮಾತಿಗೆ ಇಳಿದಿದ್ದಳು. ಅಪ್ಪನೂ ಪುಸ್ತಕ ಹಿಡಿದವರಲ್ಲ. ತಾಳಮದ್ದಳೆ ಎಂದರೆ ಮಾತ್ರ ರಾತ್ರಿಯೆಲ್ಲ ಕೂತು, ಕರ್ಣನ ಅರ್ಥ ಯಾರು ಹೇಗೆ ಹೇಳಿದರು ಎಂದು ಮರುದಿನ ತೋಟದಲ್ಲಿ ಒಬ್ಬರೇ ವಾದ ಮಾಡುವವರು. ಅವರನ್ನು ಓದದವರು ಎಂದು ಅವಳು ಎಂದೂ ಅಂದುಕೊಂಡಿಲ್ಲ. ಅವರು ಒಳ್ಳೆಯವರೇ. ಅವರಿಗೆ ಚಾ ಬೇಕಿತ್ತು, ಅಷ್ಟೇ.

ನನಗೆ ಪ್ರಕರಣ ಅರ್ಥವಾದದ್ದು ಆ ಮೂಲೆಗಳಿಂದ. ಅವಳು ಎರಡು ವರ್ಷ ಅವನಿಗೆ ಪುಸ್ತಕ ಕೊಟ್ಟದ್ದು ಅವನು ಓದಲಿ ಎಂದಲ್ಲ. ತಾನೂ ಓದುವವನಾದರೆ ಓದುವವರನ್ನು ಎಬ್ಬಿಸಬಾರದು ಎಂದು ಗೊತ್ತಿರುತ್ತದೆ ಎಂಬ ಭರವಸೆಗೆ. ಹೆದರಿಕೆ ಇದ್ದದ್ದು ತಾನು ಮೂಲೆ ಮಡಚುವವಳಾಗುತ್ತೇನೆ ಎಂದು.

ಓದುವವರಿಗೆ ಜೊತೆಗಾರರಿಂದ ಬೇಕಾದದ್ದು ಎರಡು ಬೇರೆ ಬೇರೆ ವಸ್ತು, ನಾವು ಒಂದೇ ಎಂದು ಕಲಸಿಬಿಡುತ್ತೇವೆ ಎಂದು ನಾನು ಅವಳಿಗೆ ಹೇಳಿದೆ. ಒಂದು, ಓದಿದ್ದರ ಬಗ್ಗೆ ಮಾತು. ಇನ್ನೊಂದು, ಓದುವಾಗ ಮೌನ. ಮಾತಿಗೆ ಜಗಲಿ ಇದೆ, ಗೆಳತಿಯರಿದ್ದಾರೆ, ನಾನಿದ್ದೇನೆ. ಮೌನ ಮಾತ್ರ ಒಟ್ಟಿಗೆ ಇರುವವನೇ ಕೊಡಬೇಕು, ಹೊರಗಿನಿಂದ ತರಲಿಕ್ಕಾಗುವುದಿಲ್ಲ. ಓದುವವನೇ ಅದನ್ನು ಕೊಡುತ್ತಾನೆ ಎಂಬ ಖಾತ್ರಿಯೂ ಇಲ್ಲ. ಇಬ್ಬರೂ ಓದುವ ಒಂದು ಜೋಡಿ ನನಗೆ ಗೊತ್ತು, ಗಂಡ ಪ್ರತಿ ಎರಡು ಪುಟಕ್ಕೆ "ಇದು ಕೇಳು" ಎಂದು ಗಟ್ಟಿಯಾಗಿ ಓದಿ ಹೇಳುತ್ತಾರೆ, ಹೆಂಡತಿಯ ಪುಸ್ತಕ ಹತ್ತು ವರ್ಷದಿಂದ ಅಲ್ಲೇ ಇದೆ. ಅವರ ಮನೆಯಲ್ಲಿ ಹಾಲೂ ದಿನಾ ಉಕ್ಕುತ್ತದೆ.

ಒಪ್ಪಂದ

ಅಕ್ಟೋಬರಿನಲ್ಲಿ ಇಬ್ಬರೂ ಬಂದರು. ಅವಳು ಕಾಗದ ಪೆನ್ನು ತೆಗೆದಳು. "ಬರೆಯೋದು ಬೇಡ," ಎಂದ ಅವನು, "ಮತ್ತೆ ನಾನು ಓದ್ಬೇಕಾಗ್ತದೆ." ಮೂವರೂ ನಕ್ಕೆವು. ಈ ಸಲ ನಗಿಸಿದವನು ಅವನು.

ಪುಸ್ತಕ ಉಡುಗೊರೆ ಬಂದ್. ಜಗಲಿಯಲ್ಲಿ ಅವನ ಮಾತು ಬಂದ್. ರಾತ್ರಿ ಒಂಬತ್ತರಿಂದ ಹತ್ತೂವರೆ ಅವಳದು, ಫೋನ್ ಇಲ್ಲ, ಮನೆಯಾದ ಮೇಲೆ ಮಾತಿಲ್ಲ. ಅವನ ಕ್ರಿಕೆಟ್ಟು, ಎಂಜಿನ್ ವಿಡಿಯೋ ಎಲ್ಲ ಇಯರ್‌ಫೋನಿನಲ್ಲಿ. ಇದೊಂದು ಸಣ್ಣ ವಿಷಯ ಎನ್ನಬೇಡಿ, ಈ ಕಾಲದಲ್ಲಿ ಓದುವವರ ದೊಡ್ಡ ಶತ್ರು ಪಕ್ಕದವರ ಸ್ಪೀಕರು. ಪ್ರತಿಯಾಗಿ ಅವನು ಕೇಳಿದ್ದು, ಭಾನುವಾರ ಬೆಳಗ್ಗೆ ಕಾಳಿ ದಂಡೆಯಲ್ಲಿ ಗಾಳ ಹಾಕಲು ಅವಳು ಬರಬೇಕು, ಚೀಲದಲ್ಲಿ ಪುಸ್ತಕ ಇಲ್ಲದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು ತಿಂಗಳಿಗೆ ಎರಡು ಭಾನುವಾರ ಎಂದಳು. ಒಪ್ಪಿದ.

ಇದರಿಂದ ತುಂಬದ ಒಂದು ಕೊರತೆ ಉಂಟು, ಅದನ್ನು ಮುಚ್ಚಿಡುವುದಿಲ್ಲ. ಒಂದು ರಾತ್ರಿ ಪುಸ್ತಕ ಮುಗಿಸಿ ಅವಳು ಅಳುತ್ತಿದ್ದಾಗ ಅವನಿಂದ ಫೋನ್ ಬಂತು. "ಹೊಟ್ಟೆನೋವಾ?" ಎಂದು ಕೇಳಿದನಂತೆ. ಅಂಥ ಹೊತ್ತಿನಲ್ಲಿ ಅದೇ ಪುಟ ಓದಿದ ಒಬ್ಬ ಪಕ್ಕದಲ್ಲಿರಬೇಕು ಅನ್ನಿಸುವುದು ಸುಳ್ಳಲ್ಲ, ಸಣ್ಣದೂ ಅಲ್ಲ. ಅವಳು ಅದನ್ನು ಲೆಕ್ಕಕ್ಕೆ ತೆಗೆದುಕೊಂಡೇ ಹೂಂ ಎಂದಳು.

ಅಂಕೋಲೆಯ ಮನೆ

2025ರಲ್ಲಿ ಮದುವೆಯಾಯಿತು. 1954ರ ವಿಶೇಷ ವಿವಾಹ ಕಾಯ್ದೆಯಲ್ಲಿ, 30 ದಿನದ ನೋಟಿಸು ಹಾಕಿ. ಚಿಕ್ಕಿ ಬರಲಿಲ್ಲ. ಅಪ್ಪ ಊಟಕ್ಕೆ ಬಂದರು, ಮದುಮಗನ ಹತ್ತಿರ ತೋಟದ ಪಂಪ್‌ಸೆಟ್ಟಿನ ಮಾತು ಒಂದು ತಾಸು ಆಡಿದರು. ಕಾರವಾರಕ್ಕೂ ಕುಮಟೆಗೂ ನಡುವೆ ಎಂದು ಅಂಕೋಲೆಯಲ್ಲಿ ಬಾಡಿಗೆ ಮನೆ. ಮೀನಿನ ಅಡುಗೆ ಹಿತ್ತಿಲ ಜಗಲಿಯಲ್ಲಿ, ಅವನೇ ಮಾಡುತ್ತಾನೆ.

ಜೂನಿನಲ್ಲಿ ಹೋಗಿದ್ದೆ. ಅವನು ಮಾಡಿಸಿದ ಪುಸ್ತಕದ ಕಪಾಟು ನೋಡಿದೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ಮಳೆ ಬೀಳುವ ಈ ಕಡೆ ಪುಸ್ತಕಕ್ಕೆ ಬೂಸು ಹಿಡಿಯದ ಹಾಗೆ ಇಡುವುದೇ ಒಂದು ವಿದ್ಯೆ. ನಾವೆಲ್ಲ ಲಾವಂಚದ ಬೇರು, ನುಸಿಗುಳಿಗೆ ಇಟ್ಟು ದೇವರ ಮೇಲೆ ಭಾರ ಹಾಕುವವರು. ಅವನು ಕಪಾಟನ್ನು ಗೋಡೆಯಿಂದ ನಾಲ್ಕು ಬೆರಳು ಈಚೆ ನಿಲ್ಲಿಸಿದ್ದ. ಹಲಗೆಗಳ ಹಿಂಬದಿಗೆ ಗಾಳಿ ಆಡಲು ಸಂದು ಬಿಟ್ಟಿದ್ದ. ಎಲ್ಲಕ್ಕಿಂತ ಕೆಳಗೆ, ತಗಡಿನ ಗೂಡಿನೊಳಗೆ, 40 ವ್ಯಾಟಿನ ಹಳೇ ಕಾಲದ ಬಲ್ಬು ಉರಿಯುತ್ತಿತ್ತು. "ಎಲ್‌ಇಡಿ ಆಗೋದಿಲ್ಲ ಸರ್, ಅದು ಬಿಸಿ ಕೊಡೋದಿಲ್ಲ. ಬಿಸಿ ಗಾಳಿ ಕೆಳಗಿಂದ ಮೇಲೆ ಹೋಗ್ಬೇಕು. ಆಗ ಥಂಡಿ ಕೂರೋದಿಲ್ಲ." ಒಂದು ಪುಸ್ತಕ ತೆಗೆದು ಮೂಸಿದೆ. ಮಳೆಗಾಲದಲ್ಲಿ ಕಾಗದದ ವಾಸನೆ ಬಂದದ್ದು ನನಗೆ ನೆನಪಿರುವ ಹಾಗೆ ಅದೇ ಮೊದಲು. ಹಾಗೆಂದು ಅವನು ಪುಸ್ತಕಪ್ರೇಮಿಯಾದ ಎಂದು ಯಾರೂ ತಿಳಿಯಬೇಡಿ. ಎಂಜಿನ್ನಿಗೆ ತುಕ್ಕು ಹಿಡಿದರೂ ಅವನು ಇಷ್ಟೇ ಮಾಡುತ್ತಾನೆ.

ಆಯಿಯೂ ಬಂದಿದ್ದರು. ರಾತ್ರಿ ಒಂಬತ್ತು ದಾಟಿತ್ತು, ಅವಳು ಕಿಟಕಿಯ ಪಕ್ಕ ಪುಸ್ತಕ ಹಿಡಿದು ಕೂತಿದ್ದಳು, ನಾವಿಬ್ಬರೂ ಹೊರಗೆ. ಅವನು ಒಳಗೆ ಹೋಗಿ ಏನೋ ಕೇಳಲು ಬಾಯಿ ತೆರೆದ. ಅವಳು ತಲೆ ಎತ್ತಲಿಲ್ಲ, ತೋರುಬೆರಳು ಎತ್ತಿದಳು. ಅವನು ಬಾಯಿ ಮುಚ್ಚಿ ಅಡುಗೆಕೋಣೆಗೆ ಹೋಗಿ ಚಾಕ್ಕೆ ನೀರಿಟ್ಟ. ಆಯಿ ಬಾಗಿಲ ಹತ್ತಿರ ನಿಂತು ಆ ಬೆರಳನ್ನು ನೋಡುತ್ತಿದ್ದರು. ಅವಳು ಅದನ್ನು ಇಳಿಸಿದ ಮೇಲೂ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದರು.

ಚಾ ತಂದುಕೊಟ್ಟಾಗ ನಾನು ಮೆಲ್ಲಗೆ ಕೇಳಿದೆ, ಆ ಏಳನೇ ಪುಸ್ತಕ ಎಲ್ಲಿದೆ, ಓದಿದೆಯಾ ಎಂದು.

"ಅಲ್ಲೇ ಉಂಟು ಸರ್, ಮೇಲಿನ ಹಲಗೆಯಲ್ಲಿ. ಚೀಟಿ ಮಾತ್ರ ಓದಿದೆ. ಬೆರಳಿಡದೆ."

"ಶ್!" ಎಂದಿತು ಒಳಗಿನಿಂದ.